‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

ಶಿವಮೊಗ್ಗ_ನರ್ಸ್

ಎಲ್ಲರಿಗೂ ನಮಸ್ಕಾರ. ನಾನು ನರ್ಸ್. ಇಂಗ್ಲೆಂಡಿಗೆ ಬಂದು ಐದು ತಿಂಗಳಾಯಿತು. ಓಇಟಿ, ಅಂದರೆ ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ, ಪಾಸ್ ಮಾಡಿಯೇ ಬಂದಿದ್ದೇನೆ. ಓದೋದು, ಬರೆಯೋದು ಕಷ್ಟವಿಲ್ಲ. ಆದರೆ ಒಂದು ಪದ ಮಾತ್ರ ನನ್ನ ಬೆನ್ನು ಬಿಡುತ್ತಿಲ್ಲ. ‘ಅಡ್ಜಸ್ಟ್’.

ಮೊನ್ನೆ ನೈಟ್ ಡ್ಯೂಟಿ. ಒಬ್ಬ ರೋಗಿಗೆ ಕೊಡಬೇಕಾದ ಆಂಟಿಬಯೋಟಿಕ್ ನಮ್ಮ ವಾರ್ಡಿನಲ್ಲಿ ಎರಡು ವಯಲ್ (ಇಂಜೆಕ್ಷನ್ ಔಷಧಿಯ ಚಿಕ್ಕ ಬಾಟಲಿ) ಕಡಿಮೆ ಇತ್ತು. ಪಕ್ಕದ ವಾರ್ಡಿಗೆ ಫೋನ್ ಮಾಡಿ, ತರಿಸಿ, ಸರಿಯಾದ ಸಮಯಕ್ಕೆ ಕೊಟ್ಟೆ. ಬೆಳಿಗ್ಗೆ ಹ್ಯಾಂಡೋವರ್ ಹೇಳುವಾಗ, ಅಂದರೆ ಮುಂದಿನ ಡ್ಯೂಟಿಯವರಿಗೆ ರೋಗಿಗಳ ವಿವರ ಒಪ್ಪಿಸುವಾಗ, ‘ಸ್ಟಾಕ್ ವಾಸ್ ಲೋ, ಸೋ ಐ ಅಡ್ಜಸ್ಟೆಡ್ ಇಟ್’ ಅಂದೆ. ಡೇ ಡ್ಯೂಟಿ ಸಿಸ್ಟರ್ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ‘ಡೋಸ್ ಬದಲಾಯಿಸಿದಿರಾ? ಯಾರು ಹೇಳಿದರು?’ ಅಂತ ಕೇಳಿದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಇಬ್ಬರೂ ಡ್ರಗ್ ಚಾರ್ಟ್ ತೆಗೆದು ಸಾಲು ಸಾಲು ನೋಡಿ, ಖಾಲಿ ವಯಲ್ ಎಣಿಸಿದೆವು. ಎಲ್ಲ ಸರಿಯಾಗಿಯೇ ಇತ್ತು. ಆದರೂ ಆ ಹತ್ತು ನಿಮಿಷ ನನ್ನ ಕೈ ತಣ್ಣಗಾಗಿತ್ತು.

ಇನ್ನೊಂದು ದಿನ ರೋಗಿಯನ್ನು ನೋಡಲು ಬಂದವರಿಗೆ ಕುರ್ಚಿ ಇರಲಿಲ್ಲ. ‘ಪ್ಲೀಸ್ ಅಡ್ಜಸ್ಟ್’ ಅಂದೆ. ‘ಅಡ್ಜಸ್ಟ್ ವಾಟ್?’ ಅಂತ ಕೇಳಿದರು. ಅವರು ಒರಟಾಗೇನೂ ಕೇಳಲಿಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದರು.

ಊರಲ್ಲಿ ದಿನಕ್ಕೆ ಐವತ್ತು ಸಲ ಹೇಳುತ್ತಿದ್ದ ಪದ ಇದು. ಇದರ ನಿಜವಾದ ಅರ್ಥ ಏನು? ನಾವು ಹೇಳುವ ಒಂದೊಂದು ‘ಅಡ್ಜಸ್ಟ್’ಗೂ ಇಲ್ಲಿ ಏನು ಹೇಳಬೇಕು? ದಯವಿಟ್ಟು ಗೊತ್ತಿದ್ದವರು ಬಿಡಿಸಿ ಹೇಳಿ.

ಮಂಡ್ಯ_ಬೆಲ್ಲ

ಅಯ್ಯೋ, ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ಫಾಲೋ ಮಾಡುತ್ತಿದ್ದೇನೆ.

ಔಷಧಿ_ಅಂಗಡಿ

ಫಾರ್ಮಸಿಸ್ಟ್ ಆಗಿ ಹೇಳುತ್ತೇನೆ, ಆ ಸಿಸ್ಟರ್ ಗಾಬರಿಯಾದದ್ದು ಸರಿ. ಆಸ್ಪತ್ರೆಯಲ್ಲಿ ‘ಡೋಸ್ ಅಡ್ಜಸ್ಟ್’ ಅನ್ನೋದಕ್ಕೆ ಒಂದೇ ಅರ್ಥ. ಡೋಸ್ ಹೆಚ್ಚು ಕಡಿಮೆ ಮಾಡುವುದು, ಇಲ್ಲ ಎರಡು ಡೋಸ್ ನಡುವಿನ ಅಂತರ ಬದಲಿಸುವುದು. ಕಿಡ್ನಿ ಸರಿಯಾಗಿ ಕೆಲಸ ಮಾಡದವರಿಗೆ ಜೆಂಟಾಮೈಸಿನ್, ವ್ಯಾಂಕೊಮೈಸಿನ್ ತರಹದ ಔಷಧಿಗಳನ್ನು ಹಾಗೆ ಅಡ್ಜಸ್ಟ್ ಮಾಡಲೇಬೇಕು. ಆ ನಿರ್ಧಾರ ಚಾರ್ಟಿನಲ್ಲಿ ಬರೆದಿರಬೇಕು. ನೀವು ಮಾಡಿದ್ದಕ್ಕೆ ‘ಬಾರೋ’ (borrow) ಅಂತ ಹೇಳಿ, ಎರವಲು ತರುವುದು ಅಂತ. ‘ಐ ಬಾರೋಡ್ ಟೂ ವಯಲ್ಸ್ ಫ್ರಂ ದ ನೆಕ್ಸ್ಟ್ ವಾರ್ಡ್.’ ಎಲ್ಲಿಂದ, ಎಷ್ಟು, ಏನು ಅಂತ ಎಲ್ಲ ಬಂತು. ಔಷಧಿಯ ವಿಷಯದಲ್ಲಿ ‘ಅಡ್ಜಸ್ಟ್’ ಪದವನ್ನು ಡೋಸ್ ಬದಲಾವಣೆಗೆ ಮಾತ್ರ ಬಳಸಿ, ಬೇರೆ ಯಾವುದಕ್ಕೂ ಬೇಡ.

ಗ್ಯಾರೇಜ್_ಹುಬ್ಬಳ್ಳಿ

ಸಿಸ್ಟರ್, ನಾನು ಇಂಗ್ಲಿಷ್ ಓದಿದ್ದು ಕಡಿಮೆ. ಆದರೆ ಈ ಪದದ ಜೊತೆ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಗ್ಯಾರೇಜಿನಲ್ಲಿ ಅಡ್ಜಸ್ಟ್ ಬೇರೆ, ರಿಪೇರಿ ಬೇರೆ, ಚೇಂಜ್ ಬೇರೆ. ಗಿರಾಕಿ ಬಂದು ‘ಚೈನ್ ಸಪ್ಪಳ ಮಾಡ್ತದ’ ಅಂತಾನೆ. ಚೈನ್ ಸವೆದಿದ್ದರೆ ಚೇಂಜ್. ಲಿಂಕ್ ಬಿಟ್ಟಿದ್ದರೆ ರಿಪೇರಿ. ಬರೀ ಸಡಿಲ ಆಗಿದ್ದರೆ ಅಡ್ಜಸ್ಟ್.

ಅದನ್ನು ಹೇಗೆ ಮಾಡುತ್ತೇವೆ ಹೇಳುತ್ತೇನೆ. ಹಿಂದಿನ ಗಾಲಿಯ ಆಕ್ಸಲ್ ನಟ್ ಸಡಿಲ ಮಾಡಬೇಕು. ಎರಡೂ ಬದಿಯ ಅಡ್ಜಸ್ಟರ್ ನಟ್ಟನ್ನು ಸಮ ಸಮ ತಿರುಗಿಸಬೇಕು, ಒಮ್ಮೆಗೆ ಕಾಲು ಸುತ್ತು ಅಷ್ಟೇ. ಒಂದು ಬದಿ ಹೆಚ್ಚಾದರೆ ಗಾಲಿ ಸೊಟ್ಟ ಕೂರುತ್ತದೆ. ಚೈನಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಬೇಕು. ಸಾಮಾನ್ಯ ಬೈಕಿಗೆ ಸುಮಾರು 25–30 ಮಿಲಿಮೀಟರ್ ಆಡಬೇಕು. ಪೂರ್ತಿ ಬಿಗಿ ಮಾಡಿದರೆ ಚೈನ್, ಬೇರಿಂಗ್ ಎರಡೂ ಹಾಳು.

ಅಂದರೆ ಅಡ್ಜಸ್ಟ್ ಮಾಡಲು ಒಂದು ವಸ್ತು ಬೇಕು, ಅದಕ್ಕೊಂದು ಸರಿಯಾದ ಅಳತೆ ಬೇಕು, ಅಲ್ಲಿಗೆ ಮುಟ್ಟುವವರೆಗೆ ಸ್ವಲ್ಪ ಸ್ವಲ್ಪ ತಿರುಗಿಸಬೇಕು. ನಾನು ತಿಳಿದುಕೊಂಡ ಅರ್ಥ ಇದು.

ಹಳೇ_ಮೇಷ್ಟ್ರು

ಗ್ಯಾರೇಜ್ ಅಣ್ಣ ಹೇಳಿದ್ದಕ್ಕಿಂತ ಚೆನ್ನಾಗಿ ನಾನು ಮೂವತ್ತು ವರ್ಷದ ಪಾಠದಲ್ಲೂ ಹೇಳಿರಲಿಲ್ಲ. ಅದೇ ಇಂಗ್ಲಿಷಿನ ಮೂಲ ಬಳಕೆ. ನಾನು ವ್ಯಾಕರಣ ಮಾತ್ರ ಸೇರಿಸುತ್ತೇನೆ.

ಈ ಕ್ರಿಯಾಪದದ ಮುಂದೆ ಸಾಮಾನ್ಯವಾಗಿ ಒಂದು ವಸ್ತು ಇರಬೇಕು. ‘ಅಡ್ಜಸ್ಟ್ ದ ಮಿರರ್’, ‘ಅಡ್ಜಸ್ಟ್ ದ ಸೀಟ್’, ‘ಅಡ್ಜಸ್ಟ್ ದ ಸ್ಟ್ರ್ಯಾಪ್’. ಅದಕ್ಕೇ ಆ ಸಂದರ್ಶಕರು ‘ಅಡ್ಜಸ್ಟ್ ವಾಟ್’ ಅಂತ ಕೇಳಿದ್ದು. ನೀವು ವಸ್ತುವನ್ನೇ ಹೇಳಿರಲಿಲ್ಲ.

ಎರಡನೆಯದು ‘ಅಡ್ಜಸ್ಟ್ ಟು’. ಹೊಸ ಪರಿಸ್ಥಿತಿಗೆ ಒಗ್ಗುವುದು. ‘ಐ ಆ್ಯಮ್ ಅಡ್ಜಸ್ಟಿಂಗ್ ಟು ದ ಕೋಲ್ಡ್’ ಅಂದರೆ ಚಳಿಗೆ ಒಗ್ಗುತ್ತಿದ್ದೇನೆ ಅಂತ. ಇಲ್ಲಿ ಬದಲಾಗುತ್ತಿರುವುದು ನೀವೇ.

ಮೂರನೆಯದು ‘ಅಡ್ಜಸ್ಟ್ ಫಾರ್’. ಒಂದು ಸಂಗತಿಯನ್ನು ಲೆಕ್ಕಕ್ಕೆ ಹಿಡಿದು ಅಂಕಿ ತಿದ್ದುವುದು. ಬೆಲೆ ಏರಿಕೆಗೆ ತಕ್ಕಂತೆ ತುಟ್ಟಿಭತ್ಯೆ ಬದಲಾಗುತ್ತದಲ್ಲ, ಕೇಂದ್ರ ನೌಕರರಿಗೆ ಜನವರಿ ಮತ್ತು ಜುಲೈ ಲೆಕ್ಕದಲ್ಲಿ? ಅದು ‘ಅಡ್ಜಸ್ಟೆಡ್ ಫಾರ್ ಇನ್‌ಫ್ಲೇಶನ್’.

‘ಅಡ್ಜಸ್ಟ್ ವಿತ್’ ನಮ್ಮದು. ‘ಶೀ ವಿಲ್ ಅಡ್ಜಸ್ಟ್ ವಿತ್ ಹರ್ ಕಲೀಗ್ಸ್’ ಅಂತ ಬರೆಯಬೇಡಿ. ಅಲ್ಲಿ ಬ್ರಿಟನ್ನಿನವರು ‘ಗೆಟ್ ಆನ್ ವಿತ್’ ಅನ್ನುತ್ತಾರೆ, ಅಮೆರಿಕದವರು ‘ಗೆಟ್ ಅಲಾಂಗ್ ವಿತ್’. ಮುಂದೆ ವಸ್ತುವಾಗಲಿ, ‘ಟು’ ಆಗಲಿ, ‘ಫಾರ್’ ಆಗಲಿ ಇಲ್ಲದೆ ಬರೀ ‘ಅಡ್ಜಸ್ಟ್’ ಅಂತ ನಿಲ್ಲಿಸಿದರೆ ತಪ್ಪು.

ಪದಗಳ_ಬೆನ್ನಟ್ಟಿ

ಮೇಷ್ಟ್ರೇ, ಕೊನೇ ಮಾತು ಪೂರ್ತಿ ಸರಿಯಿಲ್ಲ. ‘ಡೋಂಟ್ ವರಿ, ಯೂ ವಿಲ್ ಅಡ್ಜಸ್ಟ್’ ಅಂತ ಬ್ರಿಟಿಷರೂ ಹೇಳುತ್ತಾರೆ. ಒಗ್ಗುವ ಅರ್ಥದಲ್ಲಿ ಅದು ಒಂಟಿಯಾಗಿಯೇ ನಿಲ್ಲುತ್ತದೆ.

ಹಳೇ_ಮೇಷ್ಟ್ರು

ಹೌದು, ಒಪ್ಪಿದೆ. ಒಗ್ಗುವ ಅರ್ಥದಲ್ಲಿ ನಿಲ್ಲುತ್ತದೆ. ‘ನನಗೋಸ್ಕರ ನೀವು ತೊಂದರೆ ತಗೊಳ್ಳಿ’ ಅನ್ನುವ ಅರ್ಥದಲ್ಲಿ ನಿಲ್ಲುವುದಿಲ್ಲ. ನಮ್ಮ ‘ಪ್ಲೀಸ್ ಅಡ್ಜಸ್ಟ್’ ಆ ಎರಡನೇ ಅರ್ಥದ್ದು. ತಿದ್ದಿದ್ದಕ್ಕೆ ಧನ್ಯವಾದ.

ಮಂಡ್ಯ_ಬೆಲ್ಲ

ಉಚ್ಚಾರಣೆ ಹೇಗೆ? ನಮ್ಮಲ್ಲಿ ಅಡ್ಜೆಸ್ಟ್ ಅನ್ನುವವರೇ ಜಾಸ್ತಿ.

ಹಳೇ_ಮೇಷ್ಟ್ರು

‘ಡ’ ಬೇರೆಯಾಗಿ ಕೇಳುವುದಿಲ್ಲ. ‘ಅಜಸ್ಟ್’ ಅಂತ ಹೇಳಿ. ಮೊದಲ ‘ಅ’ ತೀರಾ ಮೆಲ್ಲಗೆ, ಒತ್ತೆಲ್ಲ ‘ಜಸ್ಟ್’ ಮೇಲೆ. ಕನ್ನಡದಲ್ಲಿ ಬರೆಯುವಾಗ ‘ಅಡ್ಜಸ್ಟ್’ ಅಂತಲೇ ಬರೆಯೋಣ, ರೂಢಿಯಾಗಿದೆ.

ಜಯನಗರ_ನಾಲ್ಕನೇ_ಬ್ಲಾಕ್

ನನಗೆ ಈ ಚರ್ಚೆಯ ದಾರಿಯೇ ಹಿಡಿಸಲಿಲ್ಲ. ಯಾಕೆ ತಪ್ಪು? ಕೋಟ್ಯಂತರ ಜನ ದಿನಾ ಹೇಳುವ ಮಾತು ತಪ್ಪು ಹೇಗಾಗುತ್ತದೆ? ‘ಪ್ರಿಪೋನ್’ (ಗೊತ್ತಾದ ದಿನಕ್ಕಿಂತ ಮುಂಚೆ ಇಟ್ಟುಕೊಳ್ಳುವುದು) ಅನ್ನೂ ತಪ್ಪು ಅಂತಿದ್ದರು, ಇವತ್ತು ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. 2020ರಲ್ಲಿ ಬಂದ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟಿನ ಹತ್ತನೇ ಆವೃತ್ತಿಯಲ್ಲಿ ಆಧಾರ್, ಚಾಳ್, ಡಬ್ಬಾ, ಹರತಾಳ ಎಲ್ಲ ಸೇರಿವೆ, ಹೊಸದಾಗಿ ಸೇರಿದ್ದೇ 26 ಭಾರತೀಯ ಇಂಗ್ಲಿಷ್ ಪದಗಳು. ನಮ್ಮ ‘ಅಡ್ಜಸ್ಟ್’ಗೆ ನಮ್ಮದೇ ಅರ್ಥ ಇದೆ. ಬೆಂಗಳೂರಿಗೆ ಬಂದ ಹೊರಗಿನವರು ಕಲಿಯುವ ಮೊದಲ ಕನ್ನಡ ವಾಕ್ಯವೇ ‘ಸ್ವಲ್ಪ ಅಡ್ಜಸ್ಟ್ ಮಾಡಿ’. ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ಶಿವಮೊಗ್ಗ_ನರ್ಸ್

ನಾಚಿಕೆ ಇಲ್ಲ ಅಣ್ಣ. ಊರಿಗೆ ಫೋನ್ ಮಾಡಿದಾಗ ನಾನೂ ಹಾಗೇ ಮಾತಾಡುತ್ತೇನೆ. ಆದರೆ ಇಲ್ಲಿ ನನ್ನ ಮಾತು ಕೇಳಿ ಇನ್ನೊಬ್ಬರು ಔಷಧಿ ಕೊಡುತ್ತಾರೆ. ಅವರಿಗೆ ಏನು ಕೇಳಿಸುತ್ತದೆ ಅನ್ನೋದೇ ನನಗೆ ಮುಖ್ಯ.

ಜಯನಗರ_ನಾಲ್ಕನೇ_ಬ್ಲಾಕ್

ಅದು ನ್ಯಾಯ. ವಾರ್ಡಿನಲ್ಲಿ ನೀವು ಹೇಳಿದ್ದೇ ಸರಿ. ನಾನು ಬಸ್ಸಿನ ಅಡ್ಜಸ್ಟ್ ಪರವಾಗಿ ಮಾತಾಡಿದೆ.

ಪದಗಳ_ಬೆನ್ನಟ್ಟಿ

ಬಸ್ಸಿನ ಅಡ್ಜಸ್ಟ್ ಅಂದ ಕೂಡಲೇ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಹೇಳಲೇಬೇಕು. ಈ ಪದ ಬಂದದ್ದು ಫ್ರೆಂಚ್ ಮೂಲಕ, ಮೂಲ ಲ್ಯಾಟಿನ್. ‘ಆಡ್’ ಅಂದರೆ ಕಡೆಗೆ, ‘ಯುಕ್ಸ್ತಾ’ ಅಂದರೆ ಹತ್ತಿರ, ಪಕ್ಕ. ಹತ್ತಿರಕ್ಕೆ ತರುವುದು, ಸೇರಿಸುವುದು ಅನ್ನೋದೇ ಹಳೇ ಅರ್ಥ. ಫ್ರೆಂಚಿನಲ್ಲಿ ಈಗಲೂ ‘ಅಜೂತೇ’ ಅಂದರೆ ಸೇರಿಸು ಅಂತ. ಆಮೇಲೆ ‘ಜಸ್ಟ್’ ಅನ್ನುವ, ಅಂದರೆ ಸರಿ, ನ್ಯಾಯ ಅನ್ನುವ ಲ್ಯಾಟಿನ್ ಪದದ ನೆರಳು ಬಿದ್ದು, ಸರಿಯಾದ ಅಳತೆಗೆ ತರು ಅನ್ನುವ ಅರ್ಥ ಗಟ್ಟಿಯಾಯಿತು. ಗ್ಯಾರೇಜ್ ಅಣ್ಣನ ಕಾಲು ಸುತ್ತು ಆ ಎರಡನೇ ಅರ್ಥ.

ಈಗ ನಮ್ಮ ಬಸ್ ನೋಡಿ. ಮೂರು ಜನರ ಸೀಟು. ನಾಲ್ಕನೆಯವರು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅಂತಾರೆ. ಮೂವರೂ ಒಬ್ಬರಿಗೊಬ್ಬರು ಹತ್ತಿರ ಸರಿಯುತ್ತಾರೆ! ಲ್ಯಾಟಿನ್ ಗೊತ್ತಿಲ್ಲದೆಯೇ ನಾವು ಹಳೇ ಅರ್ಥಕ್ಕೆ ಹೋಗಿ ಕೂತಿದ್ದೇವೆ.

ಕುಂಬಳೆ_ಕಡಲು

ಹಾಗಾದರೆ ನಮ್ಮವರು ಹಳೇ ಅರ್ಥವನ್ನು ಉಳಿಸಿಕೊಂಡು ಬಂದಿದ್ದಾರೆ ಅಂತಲಾ?

ಪದಗಳ_ಬೆನ್ನಟ್ಟಿ

ಇಲ್ಲ ಇಲ್ಲ, ಹಾಗೆ ಹೇಳಬಾರದು. ನಮಗೆ ಪದ ಬಂದದ್ದು ಇಂಗ್ಲಿಷಿನಿಂದ, ಆ ಹೊತ್ತಿಗೆ ಹಳೇ ಅರ್ಥ ಹೋಗಿತ್ತು. ಎರಡೂ ಒಂದೇ ಜಾಗಕ್ಕೆ ಬಂದದ್ದು ಕಾಕತಾಳೀಯ. ಆದರೆ ನನಗೆ ಖುಷಿ ಕೊಟ್ಟ ಕಾಕತಾಳೀಯ.

ಲೆಕ್ಕದ_ಪುಸ್ತಕ

ಅಕೌಂಟೆಂಟ್ ಕಡೆಯಿಂದ. ‘ಅಡ್ವಾನ್ಸ್ ಅಡ್ಜಸ್ಟ್ ಮಾಡಿ’ ಅನ್ನೋದನ್ನು ಯಾರೂ ತಪ್ಪು ಅನ್ನಬೇಡಿ. ಬಿಲ್ 18,000, ಅಡ್ವಾನ್ಸ್ ಕೊಟ್ಟದ್ದು 5,000. ‘ಅಡ್ವಾನ್ಸ್ ಅಡ್ಜಸ್ಟೆಡ್ ಅಗೆನ್‌ಸ್ಟ್ ದ ಬಿಲ್, ಬ್ಯಾಲೆನ್ಸ್ 13,000.’ ಇದು ಲೆಕ್ಕದ ಭಾಷೆ. ವರ್ಷದ ಕೊನೆಯಲ್ಲಿ ಬರೆಯುವ ‘ಅಡ್ಜಸ್ಟಿಂಗ್ ಎಂಟ್ರಿ’ ಕೂಡ ಎಲ್ಲ ದೇಶದಲ್ಲೂ ಇದೆ. ಖರ್ಚು ಈ ವರ್ಷದ್ದು, ಹಣ ಕೊಡುವುದು ಮುಂದಿನ ವರ್ಷ ಅಂತಾದರೆ ಅದನ್ನು ಈ ವರ್ಷಕ್ಕೆ ತಂದು ಸೇರಿಸುತ್ತೇವೆ.

ಆದರೆ ಬಾಡಿಗೆ ಮನೆಯ ಅಡ್ಜಸ್ಟ್ ಬೇರೆ. ‘ಕೊನೇ ಎರಡು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತೇವೆ. ಇಂಗ್ಲೆಂಡಿನಲ್ಲಿ ‘ಟೇಕ್ ಇಟ್ ಔಟ್ ಆಫ್ ದ ಡಿಪಾಸಿಟ್’ ಅಂದರೆ ಸುಲಭವಾಗಿ ಗೊತ್ತಾಗುತ್ತದೆ. ಅಲ್ಲಿ ಅಡ್ವಾನ್ಸ್ ಅನ್ನಬೇಡಿ, ಡಿಪಾಸಿಟ್ ಅನ್ನಿ.

ಕುಂಬಳೆ_ಕಡಲು

ವಿಷಯಾಂತರ ಆಗಬಹುದು, ಕ್ಷಮಿಸಿ. ಬೆಂಗಳೂರಿನ ಆ ಹತ್ತು ತಿಂಗಳ ಅಡ್ವಾನ್ಸ್ ಇನ್ನೂ ಇದೆಯಾ? ಮಗ ಕೆಲಸಕ್ಕೆ ಹೋಗುತ್ತಿದ್ದಾನೆ.

ಲೆಕ್ಕದ_ಪುಸ್ತಕ

ಕೆಲವರು ಈಗಲೂ ಕೇಳುತ್ತಾರೆ. ಮಾತಾಡಿದರೆ ಇಳಿಸುತ್ತಾರೆ. ಬಣ್ಣ ಬಳಿಯಲು ಎಷ್ಟು ಹಿಡಿಯುತ್ತಾರೆ ಅಂತ ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳಿ.

ಡಲ್ಲಾಸ್_ಮೈಸೂರು

ಅಮೆರಿಕದಲ್ಲಿ ಈ ಪದ ಕೇಳುವ ಜಾಗಗಳೇ ಬೇರೆ. ಕಾರಿಗೆ ಪೆಟ್ಟಾದರೆ ವಿಮೆ ಕಂಪನಿಯಿಂದ ‘ಅಡ್ಜಸ್ಟರ್’ ಬಂದು ನಷ್ಟ ಎಷ್ಟು ಅಂತ ನೋಡುತ್ತಾರೆ. ನಮ್ಮಲ್ಲಿ ಅವರನ್ನು ಸರ್ವೇಯರ್ ಅನ್ನುತ್ತೇವೆ. ಬೆನ್ನು ನೋವಿಗೆ ಕೈರೋಪ್ರಾಕ್ಟರ್ ಹತ್ತಿರ ಹೋದರೆ ಬೆನ್ನುಮೂಳೆಯನ್ನು ಕೈಯಿಂದ ಒತ್ತುವುದಕ್ಕೂ ‘ಅಡ್ಜಸ್ಟ್‌ಮೆಂಟ್’. ತೆರಿಗೆ ಫಾರ್ಮ್ 1040ರಲ್ಲಿ ‘ಅಡ್ಜಸ್ಟೆಡ್ ಗ್ರಾಸ್ ಇನ್‌ಕಮ್’ ಅಂತ ಒಂದು ಸಾಲೇ ಇದೆ, ಒಟ್ಟು ಆದಾಯದಿಂದ ಕೆಲವು ಕಡಿತ ಕಳೆದ ಮೇಲಿನ ಮೊತ್ತ.

ಸೀಟಿಗೆ ಇಲ್ಲಿ ‘ಸ್ಕೂಟ್ ಓವರ್’ ಅನ್ನುತ್ತಾರೆ. ಸ್ನೇಹಿತರ ನಡುವೆ ಮಾತ್ರ.

ಶಿವಮೊಗ್ಗ_ನರ್ಸ್

ಇಂಗ್ಲೆಂಡಿನಲ್ಲಿ ಏನಂತಾರೆ? ಅಪರಿಚಿತರಿಗೆ?

ಲೀಡ್ಸ್_ಲಿಂಗಸುಗೂರು

ನಾನು ಒಂಬತ್ತು ವರ್ಷದಿಂದ ಇಲ್ಲಿದ್ದೇನೆ ಅಕ್ಕ. ಸ್ನೇಹಿತರಿಗೆ ‘ಬಜ್ ಅಪ್’. ಅಪರಿಚಿತರಿಗೆ ಅದನ್ನು ಹೇಳಬೇಡಿ. ‘ಕುಡ್ ಯೂ ಮೂವ್ ಅಪ್ ಎ ಬಿಟ್, ಪ್ಲೀಸ್?’ ಅಂದರೆ ಸಾಕು. ಅದಕ್ಕಿಂತ ಮೃದು ಬೇಕಿದ್ದರೆ ‘ಈಸ್ ದೇರ್ ರೂಮ್ ಫಾರ್ ಒನ್ ಮೋರ್?’

ಆದರೆ ಒಂದು ತಿಳಿದಿರಲಿ. ಇಬ್ಬರ ಸೀಟಿನಲ್ಲಿ ಇಬ್ಬರು ಕೂತಿದ್ದರೆ ಮೂರನೆಯವರು ಇಲ್ಲಿ ಕೇಳುವುದೇ ಇಲ್ಲ. ಪದ ಕಲಿತರೂ ಆ ಪದ ಹೇಳುವ ಸಂದರ್ಭ ಬರುವುದು ಕಡಿಮೆ. ನಮ್ಮ ಕಡೆ ಬಸ್ಸಿನಲ್ಲಿ ಮಗು ಎತ್ತಿಕೊಂಡು ಒಬ್ಬಳು ಹತ್ತಿದರೆ ಕೇಳುವ ಮೊದಲೇ ಸರಿದಿರುತ್ತಾರೆ. ನನಗೆ ಇಲ್ಲಿ ಬಂದ ಮೇಲೆ ಜಾಸ್ತಿ ನೆನಪಾಗುವುದು ಅದೇ.

ನಿಮ್ಮ ಕುರ್ಚಿ ಪ್ರಸಂಗಕ್ಕೆ ‘ಐ ಆ್ಯಮ್ ಸಾರಿ, ವಿ ಆರ್ ಶಾರ್ಟ್ ಆಫ್ ಚೇರ್ಸ್. ವುಡ್ ಯೂ ಮೈಂಡ್ ಸ್ಟ್ಯಾಂಡಿಂಗ್ ಫಾರ್ ಎ ಬಿಟ್?’ ಮೊದಲು ಸಾರಿ, ಆಮೇಲೆ ಕಾರಣ, ಆಮೇಲೆ ಕೇಳಿಕೆ. ನಮ್ಮ ಒಂದು ‘ಅಡ್ಜಸ್ಟ್’ನಲ್ಲಿ ಈ ಮೂರೂ ಸೇರಿಕೊಂಡಿರುತ್ತವೆ. ಇಲ್ಲಿ ಮೂರನ್ನೂ ಬಿಡಿಸಿ ಹೇಳಬೇಕು.

ಮಂಡ್ಯ_ಬೆಲ್ಲ

ಈ ಕೊನೇ ಎರಡು ಸಾಲು ಬರೆದಿಟ್ಟುಕೊಂಡೆ.

ತುಂಗೆಯ_ತಡಿ

ಎಲ್ಲರೂ ಬಸ್ಸು, ಬಿಲ್ಲು ಅಂತ ಹೇಳಿದಿರಿ. ಈ ಪದವನ್ನು ನಾನು ಅತಿ ಹೆಚ್ಚು ಕೇಳಿದ್ದು ಮನೆಯೊಳಗೆ. ಮದುವೆಯಾದ ದಿನ ಅಮ್ಮ ಕಾರಿನ ಕಿಟಕಿಯ ಹತ್ತಿರ ಬಗ್ಗಿ ಹೇಳಿದ್ದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗು ಮಗಳೇ’ ಅಂತ. ಬೆಳಿಗ್ಗೆ ಐದಕ್ಕೆ ಏಳುವುದು ಅಡ್ಜಸ್ಟ್. ಎಲ್ಲರದೂ ಆದ ಮೇಲೆ, ಪಾತ್ರೆಯಲ್ಲಿ ಉಳಿದದ್ದನ್ನು ಉಣ್ಣುವುದು ಅಡ್ಜಸ್ಟ್. ಬಿ.ಇಡಿ. ಮುಂದೆ ಹಾಕಿದ್ದು ಅಡ್ಜಸ್ಟ್. ಅದು ಮುಂದೆ ಹೋಗಿದ್ದು ಹೋಗೇ ಹೋಯಿತು.

ಕಳೆದ ತಿಂಗಳು ಮಗಳಿಗೆ ಗಂಡು ನೋಡುವ ಮಾತು ಬಂತು. ನಾನೂ ಅದೇ ಮಾತು ಹೇಳಿಬಿಟ್ಟೆ. ಅವಳು ಚಪಾತಿ ಲಟ್ಟಿಸುತ್ತಿದ್ದವಳು ಕೈ ನಿಲ್ಲಿಸಿ, ‘ಸ್ವಲ್ಪ ಅಂದ್ರೆ ಎಷ್ಟಮ್ಮ?’ ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಈಗ ಗ್ಯಾರೇಜ್ ಅಣ್ಣನ ಮಾತು ಓದಿದೆ. ಎರಡೂ ಬದಿಯ ನಟ್ಟು ಸಮ ಸಮ, ಒಮ್ಮೆಗೆ ಕಾಲು ಸುತ್ತು. ಅದನ್ನು ಅವಳಿಗೆ ಕಳಿಸಿದ್ದೇನೆ.

ನನ್ನ ಪ್ರಶ್ನೆ, ನಾನು ಮಾಡಿದ್ದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ಹಳೇ_ಮೇಷ್ಟ್ರು

ಅಮ್ಮಾ, ಅದಕ್ಕೆ ‘ಪುಟ್ ಅಪ್ ವಿತ್’. ಸಹಿಸಿಕೊಂಡು ಹೋಗುವುದು. ಬಿ.ಇಡಿ. ವಿಷಯಕ್ಕೆ ‘ಗಿವ್ ಅಪ್’, ಬಿಟ್ಟುಕೊಡುವುದು. ‘ಅಡ್ಜಸ್ಟ್’ ಅಂತ ಬರೆದರೆ ಇಂಗ್ಲಿಷ್ ಓದುವವರಿಗೆ ನೀವು ನಿಧಾನವಾಗಿ ಒಗ್ಗಿಕೊಂಡು ಆರಾಮಾಗಿದ್ದೀರಿ ಅಂತ ಅನಿಸುತ್ತದೆ. ನಿಮಗೆ ಆದದ್ದು ಅದಲ್ಲ.

ಇನ್ನೊಂದು ಪದವೂ ಇಲ್ಲಿ ದಾರಿ ತಪ್ಪಿಸುತ್ತದೆ, ‘ಕಾಂಪ್ರಮೈಸ್’. ಇಂಗ್ಲಿಷಿನಲ್ಲಿ ಇಬ್ಬರ ನಡುವೆ ಕಾಂಪ್ರಮೈಸ್ ಆಯಿತು ಅಂದರೆ ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಿರಬೇಕು. ಒಬ್ಬರೇ ಬಿಟ್ಟುಕೊಟ್ಟರೆ ಅದು ‘ಗಿವ್ ಇನ್’.

ಗೌಡ್ರ_ಹಟ್ಟಿ

ಅಕ್ಕಾವ್ರೇ, ಬೇಜಾರು ಮಾಡಿಕೊಳ್ಳಬೇಡಿ. ಹೊಂದಾಣಿಕೆ ಇಲ್ಲದೆ ಯಾವ ಮನೆ ನಡೆಯುತ್ತದೆ? ನಾವು ಅಣ್ಣತಮ್ಮಂದಿರು ಮೂವರು ಒಂದೇ ಮನೆಯಲ್ಲಿ ಇದ್ದೇವೆ. ದಿನಾ ಅಡ್ಜಸ್ಟ್ ಮಾಡಿಕೊಂಡೇ ಇದ್ದೇವೆ. ಆ ಪದವನ್ನೇ ಕೆಟ್ಟದ್ದು ಅಂದರೆ ಹೇಗೆ?

ತುಂಗೆಯ_ತಡಿ

ಪದ ಕೆಟ್ಟದ್ದು ಅನ್ನಲಿಲ್ಲ ತಮ್ಮ. ನಿಮ್ಮ ಮನೆಯಲ್ಲಿ ಮೂವರೂ ಮಾಡಿಕೊಳ್ಳುತ್ತೀರಿ ಅಂದಿರಲ್ಲ. ನನಗೆ ಆ ಮೂವರಲ್ಲಿ ಒಬ್ಬಳಾಗಿದ್ದರೂ ಸಾಕಿತ್ತು. ನಿಮ್ಮ ಮನೆಯ ಹೆಂಗಸರನ್ನೂ ಒಮ್ಮೆ ಕೇಳಿ, ಅವರ ಪಾಲು ಎಷ್ಟು ಅಂತ.

ಗೌಡ್ರ_ಹಟ್ಟಿ

ಕೇಳುತ್ತೇನೆ ಅಕ್ಕ. ನೀವು ಹೇಳಿದ್ದು ನಾಟಿತು.

ಕೋರಮಂಗಲ_ಎಚ್‌ಆರ್

ಇದೇ ಜಾಗದಲ್ಲಿ ಹುಡುಗಿಯರಿಗೆ ಒಂದು ಎಚ್ಚರಿಕೆ ಹೇಳಬೇಕು. ಮಲಯಾಳಂ ಚಿತ್ರರಂಗದ ಬಗ್ಗೆ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರ ಆಗಸ್ಟಿನಲ್ಲಿ ಹೊರಬಂತಲ್ಲ, ಅದರಲ್ಲಿ ‘ಅಡ್ಜಸ್ಟ್‌ಮೆಂಟ್’ ಮತ್ತು ‘ಕಾಂಪ್ರಮೈಸ್’ ಎರಡೂ ಅಲ್ಲಿನ ಹೆಣ್ಣುಮಕ್ಕಳಿಗೆ ಚೆನ್ನಾಗಿ ಪರಿಚಯವಿರುವ ಪದಗಳು ಅಂತ ದಾಖಲಾಗಿದೆ. ಅವಕಾಶ ಕೊಡಲು ಲೈಂಗಿಕ ಬೇಡಿಕೆ ಇಡುವವರು ಬಳಸುವ ಮರೆಮಾತು ಅದು. ಬರೀ ಸಿನಿಮಾಕ್ಕೆ ಸೀಮಿತ ಅಂದುಕೊಳ್ಳಬೇಡಿ. ಕೆಲಸದ ಜಾಗದಲ್ಲಿ ಯಾರಾದರೂ ‘ಅಡ್ಜಸ್ಟ್ ಮಾಡ್ಕೋಬೇಕಾಗುತ್ತೆ’ ಅಂದರೆ ಅಲ್ಲೇ ‘ಏನನ್ನು?’ ಅಂತ ಕೇಳಿ. ಉತ್ತರವನ್ನು ಬರೆದಿಟ್ಟುಕೊಳ್ಳಿ. ಸಿಸ್ಟರ್‌ಗೆ ಆ ಸಂದರ್ಶಕರು ಕೇಳಿದ ‘ಅಡ್ಜಸ್ಟ್ ವಾಟ್?’ ಇಲ್ಲಿ ನಮಗೂ ಬೇಕಾದ ಪ್ರಶ್ನೆ.

ಕುಂಬಳೆ_ಕಡಲು

ಟಿವಿಯಲ್ಲಿ ದಿನಾ ಕೇಳುವ ‘ಅಡ್ಜಸ್ಟ್‌ಮೆಂಟ್ ರಾಜಕೀಯ’ವೂ ಹೀಗೇ ಅಲ್ವಾ? ಹೊರಗೆ ಜಗಳ, ಒಳಗೆ ಒಪ್ಪಂದ.

ಜಯನಗರ_ನಾಲ್ಕನೇ_ಬ್ಲಾಕ್

ಹೌದು. ಅದಕ್ಕೆ ಇಂಗ್ಲಿಷಿನಲ್ಲಿ ‘ಅಡ್ಜಸ್ಟ್‌ಮೆಂಟ್ ಪಾಲಿಟಿಕ್ಸ್’ ಅಂದರೆ ಹೊರಗಿನವರಿಗೆ ಗೊತ್ತಾಗುವುದಿಲ್ಲ. ‘ಟ್ಯಾಸಿಟ್ ಅಂಡರ್‌ಸ್ಟ್ಯಾಂಡಿಂಗ್’ ಅನ್ನಬೇಕು. ರಾಜಕೀಯ ಇಲ್ಲಿಗೇ ನಿಲ್ಲಿಸೋಣ, ಇಲ್ಲದಿದ್ದರೆ ಚರ್ಚೆ ಬೇರೆ ಕಡೆ ಹೋಗುತ್ತದೆ.

ಅಡುಗೆಮನೆ_ಕಿಟಕಿ

ಯಾರೂ ಅಡುಗೆ ಬಗ್ಗೆ ಹೇಳಲಿಲ್ಲ! ಇಂಗ್ಲಿಷ್ ರೆಸಿಪಿಗಳಲ್ಲಿ ಕೊನೆಯಲ್ಲಿ ‘ಟೇಸ್ಟ್ ಆ್ಯಂಡ್ ಅಡ್ಜಸ್ಟ್ ದ ಸೀಸನಿಂಗ್’ ಅಂತ ಇರುತ್ತದೆ. ಮೊದಲ ಸಲ ಓದಿದಾಗ ಉಪ್ಪು ಕಡಿಮೆಯಿದ್ದರೂ ಅಡ್ಜಸ್ಟ್ ಮಾಡ್ಕೊಂಡು ತಿನ್ನಿ ಅಂತ ತಿಳಿದುಕೊಂಡಿದ್ದೆ. ಅರ್ಥ ಪೂರ್ತಿ ಉಲ್ಟಾ. ರುಚಿ ನೋಡಿ, ಉಪ್ಪು, ಖಾರ, ಹುಳಿ ಬೇಕಿದ್ದಷ್ಟು ಹಾಕಿ ಸರಿ ಮಾಡಿ ಅಂತ. ಇಂಗ್ಲಿಷಿನವರು ಸಾರನ್ನು ಅಡ್ಜಸ್ಟ್ ಮಾಡುತ್ತಾರೆ, ನಾವು ನಾಲಿಗೆಯನ್ನು ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ. ಎರಡರ ವ್ಯತ್ಯಾಸ ನನಗೆ ಅಲ್ಲಿ ಗೊತ್ತಾಯಿತು.

ಕನ್ನಡದಲ್ಲಿ ಇದಕ್ಕೆ ‘ಹದ ನೋಡು’ ಅಂತ ಎಷ್ಟು ಚೆಂದದ ಮಾತಿದೆ.

ಗ್ಯಾರೇಜ್_ಹುಬ್ಬಳ್ಳಿ

ಹದ! ಅದೇ ಪದ ಬೇಕಾಗಿತ್ತು ನೋಡ್ರಿ ಅಕ್ಕ. ಚೈನಿಗೂ ಹದ ಅಂತೇವೆ ನಾವು.

ಹಳೇ_ಮೇಷ್ಟ್ರು

ಇದು ಒಳ್ಳೆಯ ದಾರಿ. ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಇಷ್ಟೇ. ಇಂಗ್ಲಿಷಿಗೆ ಹಾರುವ ಮೊದಲು ಆ ಜಾಗದಲ್ಲಿ ಇರಬೇಕಾದ ಕನ್ನಡ ಪದವನ್ನು ಹುಡುಕಿ. ಬಸ್ಸಿನಲ್ಲಿ ನಾವು ಹೇಳಬೇಕಿದ್ದದ್ದು ‘ಸರಿದುಕೊಳ್ಳಿ’. ಅದು ‘ಮೂವ್ ಅಪ್’. ನೀರಿಗೆ, ಚಳಿಗೆ ‘ಒಗ್ಗು’. ಅದು ‘ಅಡ್ಜಸ್ಟ್ ಟು’, ‘ಗೆಟ್ ಯೂಸ್ಡ್ ಟು’. ಸಂಬಳ ಸಾಲದಿದ್ದರೂ ಮನೆ ಖರ್ಚು ‘ತೂಗಿಸು’. ಅದು ‘ಮೇಕ್ ಎಂಡ್ಸ್ ಮೀಟ್’. ಇದ್ದದ್ದರಲ್ಲಿ ‘ಸುಧಾರಿಸಿಕೋ’. ಅದು ‘ಮೇಕ್ ಡೂ’. ಒಂದು ‘ಅಡ್ಜಸ್ಟ್’ ಬಂದು ನಮ್ಮ ಇಷ್ಟೂ ಪದಗಳ ಜಾಗದಲ್ಲಿ ಕೂತಿದೆ. ಕನ್ನಡ ಪದ ನೆನಪಾದರೆ ಇಂಗ್ಲಿಷ್ ಪದ ತಾನಾಗಿ ಸಿಗುತ್ತದೆ.

ಡಲ್ಲಾಸ್_ಮೈಸೂರು

ಇದು ನಿಜ ಮೇಷ್ಟ್ರೇ. ಕ್ಲೈಂಟ್ ಕಾಲ್‌ನಲ್ಲಿ ‘ವಿ ವಿಲ್ ಅಡ್ಜಸ್ಟ್ ಸಮ್‌ಹೌ’ ಅಂತ ಒಮ್ಮೆ ಹೇಳಿದ್ದೆ. ಅವರು ಪ್ಲಾನ್ ಬದಲಾಯಿಸುತ್ತೇವೆ ಅಂತ ತಿಳಿದರು. ನಾನು ಹೇಳಬೇಕೆಂದಿದ್ದದ್ದು, ಜನ ಕಡಿಮೆಯಿದ್ದರೂ ನಿಭಾಯಿಸುತ್ತೇವೆ ಅಂತ. ‘ನಿಭಾಯಿಸು’ ನೆನಪಾಗಿದ್ದರೆ ‘ವಿ ವಿಲ್ ಕೋಪ್’ ಅನ್ನುತ್ತಿದ್ದೆ.

ಲೀಡ್ಸ್_ಲಿಂಗಸುಗೂರು

ಇನ್ನೊಂದು ಸೇರಿಸುತ್ತೇನೆ, ಅಕ್ಕನಿಗೆ ಕೆಲಸಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ ‘ರೀಸನಬಲ್ ಅಡ್ಜಸ್ಟ್‌ಮೆಂಟ್ಸ್’ ಅನ್ನೋದು ಕಾನೂನಿನ ಮಾತು, 2010ರ ಈಕ್ವಾಲಿಟಿ ಆ್ಯಕ್ಟ್‌ನಲ್ಲಿದೆ. ಅಂಗವೈಕಲ್ಯ ಇರುವವರಿಗೆ ತೊಂದರೆಯಾಗದ ಹಾಗೆ ಕೆಲಸದ ಜಾಗವೋ, ಆಸ್ಪತ್ರೆಯೋ ತನ್ನ ವ್ಯವಸ್ಥೆಯನ್ನು ಬದಲಿಸಿಕೊಳ್ಳಬೇಕು. ಕಿವಿ ಕೇಳದ ರೋಗಿಗೆ ಸೈನ್ ಲಾಂಗ್ವೇಜ್ ದುಭಾಷಿ ಕರೆಸುವುದು, ಗಾಲಿಕುರ್ಚಿಗೆ ರ‍್ಯಾಂಪ್ ಹಾಕಿಸುವುದು. ಇಲ್ಲಿ ಅಡ್ಜಸ್ಟ್ ಮಾಡಬೇಕಾದವರು ಸಂಸ್ಥೆಯವರು, ಆ ವ್ಯಕ್ತಿಯಲ್ಲ. ಆಸ್ಪತ್ರೆಯಲ್ಲಿ ಈ ಮಾತು ನಿಮ್ಮ ಕಿವಿಗೆ ಬೀಳುತ್ತದೆ.

ತುಂಗೆಯ_ತಡಿ

ಇದನ್ನು ಎರಡು ಸಲ ಓದಿದೆ. ಜಾಗವೇ ಬದಲಾಗಬೇಕು ಅಂತ ಕಾನೂನು! ಮಗಳಿಗೆ ಇದನ್ನೂ ಕಳಿಸುತ್ತೇನೆ.

ಶಿವಮೊಗ್ಗ_ನರ್ಸ್

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ನಿಮ್ಮ ಉತ್ತರಗಳನ್ನು ಒಂದು ಚಿಕ್ಕ ಕಾರ್ಡಿನಲ್ಲಿ ಬರೆದು ಯೂನಿಫಾರ್ಮ್ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ಸರಿದುಕೊಳ್ಳಿ, ಒಗ್ಗು, ತೂಗಿಸು, ಸುಧಾರಿಸು, ನಿಭಾಯಿಸು, ಸಹಿಸು. ಎಲ್ಲಕ್ಕಿಂತ ಮೇಲೆ ‘ಬಾರೋ’.

ನಿನ್ನೆ ರಾತ್ರಿ ಮತ್ತೆ ಸ್ಟಾಕ್ ಕಡಿಮೆ ಬಿತ್ತು. ಅದೇ ಸಿಸ್ಟರ್‌ಗೆ ಹ್ಯಾಂಡೋವರ್. ‘ಐ ಬಾರೋಡ್ ಒನ್ ವಯಲ್ ಫ್ರಂ ನೆಕ್ಸ್ಟ್ ಡೋರ್. ಡೋಸ್ ಅನ್‌ಚೇಂಜ್ಡ್’ ಅಂದೆ. ಅವರು ತಲೆ ಎತ್ತದೆ ಬರೆದುಕೊಂಡು ಮುಂದಿನ ಬೆಡ್‌ಗೆ ಹೋದರು. ಪೆನ್ನು ಎಲ್ಲೂ ನಿಲ್ಲಲಿಲ್ಲ.

ಇನ್ನೊಂದು ಹೇಳಲೇಬೇಕು. ಬೆಳಗಿನ ಜಾವ ಮೂರನೇ ಬೆಡ್ಡಿನ ಅಜ್ಜಿ ಎಚ್ಚರವಾಗಿ ‘ಕುಡ್ ಯೂ ಅಡ್ಜಸ್ಟ್ ಮೈ ಪಿಲ್ಲೋ, ಲವ್?’ ಅಂತ ಕೇಳಿದರು. ದಿಂಬನ್ನು ಕತ್ತಿನ ಕೆಳಗೆ ಒಂದಿಷ್ಟು ತಂದೆ. ‘ಇನ್ನೂ ಸ್ವಲ್ಪ’ ಅಂದರು. ಮತ್ತೆ ಒಂದಿಷ್ಟು. ಸಾಕು ಅನ್ನೋ ಹಾಗೆ ಕಣ್ಣು ಮುಚ್ಚಿದರು. ನನಗೆ ಗ್ಯಾರೇಜ್ ಅಣ್ಣನ ಕಾಲು ಸುತ್ತು ನೆನಪಾಯಿತು.

ಗ್ಯಾರೇಜ್_ಹುಬ್ಬಳ್ಳಿ

ಬಹಳ ಖುಷಿಯಾಯ್ತು ಸಿಸ್ಟರ್. ಇದನ್ನು ನಮ್ಮ ಹುಡುಗರಿಗೆ ಓದಿ ಹೇಳಿದೆ.

ಮಂಡ್ಯ_ಬೆಲ್ಲ

ಆ ಕಾರ್ಡಿನ ಫೋಟೋ ಹಾಕಿ ಅಕ್ಕ. ನನಗೂ ಬೇಕು.

ಶಿವಮೊಗ್ಗ_ನರ್ಸ್

ನಾಳೆ ಆಫ್ ಇದೆ, ನೀಟಾಗಿ ಬರೆದು ಹಾಕುತ್ತೇನೆ. ಇವತ್ತಿಗೆ ನಿದ್ದೆ.